ಕೊನೆಯ ಅಂಕಿ ಹೇಳದ ಸಂಗತಿ: ಪಿಸ್ತೂಲಿನ ಸ್ಪ್ರಿಂಗ್ ಬೆಳೆದು ಬಂದ ಬಗೆ

ಮಂಡ್ಯ ತಾಲ್ಲೂಕಿನ ದುದ್ದದವರಿಗೆ ಶ್ರೀರಂಗಪಟ್ಟಣ ದೂರದ ಊರಲ್ಲ. ಟಿಪ್ಪುವಿನ ಕಾಲದಲ್ಲಿ ಅಲ್ಲಿ ಕೋವಿಗಳು ತಯಾರಾಗುತ್ತಿದ್ದವು. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ ಅವುಗಳಲ್ಲಿ ಹಲವು ಇಂಗ್ಲೆಂಡಿಗೆ ಹೋದವು. ಅವು ಚಕಮಕಿ ಕಲ್ಲಿನ ಕೋವಿಗಳು. ಬಾಗಿಸಿ ಹದ ಮಾಡಿದ ಉಕ್ಕಿನ ಪಟ್ಟಿಯೇ ಅವುಗಳ ಸ್ಪ್ರಿಂಗ್. ಕಲ್ಲನ್ನು ಉಕ್ಕಿಗೆ ಬಡಿಸಿ ಕಿಡಿ ಎಬ್ಬಿಸುವುದು ಅದರ ಕೆಲಸ.

ಈ ಕೆಲಸದಲ್ಲೇ ಒಂದು ಇಕ್ಕಟ್ಟಿತ್ತು. ಪೆಟ್ಟು ಬಿರುಸಾಗಿರಬೇಕು, ಆದರೆ ಎಳೆದು ನಿಲ್ಲಿಸಿದಾಗ ಟ್ರಿಗರ್ ಮೇಲೆ ವಿಪರೀತ ಭಾರ ಬೀಳಬಾರದು. ಹದಿನೆಂಟನೇ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನ ಒಳ್ಳೆಯ ಕುಶಲಕರ್ಮಿಗಳು ಸ್ಪ್ರಿಂಗಿಗೂ ಅದು ತಿರುಗಿಸುವ ಭಾಗಕ್ಕೂ ನಡುವೆ ಪುಟ್ಟ ಕೊಂಡಿ ಹಾಕಿದರು. ಕೊಂಡಿಯ ಕೋನ ಬದಲಾದಂತೆ ಸನ್ನೆಯ ಲಾಭವೂ ಬದಲಾಗುತ್ತಿತ್ತು. ಸ್ಪ್ರಿಂಗ್ ಮೊದಲಿನದೇ ಆದರೂ ಚಲನೆಯ ಯಾವ ಹಂತದಲ್ಲಿ ಎಷ್ಟು ಬಲ ಸಿಗಬೇಕೆಂಬುದು ಮನುಷ್ಯನ ಹಿಡಿತಕ್ಕೆ ಬಂತು. ಪಿಸ್ತೂಲಿನ ಸ್ಪ್ರಿಂಗಿನ ಮುಂದಿನ ಚರಿತ್ರೆಯೆಲ್ಲ ಈ ಒಂದು ಪ್ರಶ್ನೆಯ ಬೆನ್ನುಹತ್ತಿದೆ.

ಒಂದೇ ಸ್ಪ್ರಿಂಗ್, ಎರಡು ಕೆಲಸ

ಅರೆ ಸ್ವಯಂಚಾಲಿತ ಪಿಸ್ತೂಲಿನಲ್ಲಿ ಗುಂಡು ಮುಂದಕ್ಕೆ ಹೋದಂತೆ ನಳಿಗೆಯ ಮೇಲೆ ಜಾರುವ ಕವಚವಾದ ಸ್ಲೈಡ್ ಹಿಂದಕ್ಕೆ ಒದೆಯಲ್ಪಡುತ್ತದೆ. ಹೋಗುತ್ತಾ ಖಾಲಿ ತೋಟಾವನ್ನು ಹೊರಗೆಸೆಯುತ್ತದೆ, ರಿಕಾಯಿಲ್ ಸ್ಪ್ರಿಂಗನ್ನು ಅದುಮುತ್ತದೆ. ಸ್ಪ್ರಿಂಗ್ ಹಿಗ್ಗಿದಾಗ ಸ್ಲೈಡ್ ಮರಳುತ್ತಾ ಮ್ಯಾಗಜೀನಿನಿಂದ ಹೊಸ ತೋಟಾವನ್ನು ನಳಿಗೆಗೆ ತಳ್ಳಿ ಬಾಗಿಲು ಮುಚ್ಚುತ್ತದೆ. ಹಿಂದಕ್ಕೆ ಹೋಗುವಾಗ ತಡೆಯುವುದು, ಮುಂದಕ್ಕೆ ಬರುವಾಗ ತಳ್ಳುವುದು, ಎರಡೂ ಇದರದೇ ಕೆಲಸ. ಒದೆತವನ್ನೆಲ್ಲ ಸ್ಪ್ರಿಂಗೊಂದೇ ನುಂಗುವುದಿಲ್ಲ. ಉಳಿದದ್ದು ಕೊನೆಯಲ್ಲಿ ಫ್ರೇಮಿಗೆ ಬಡಿಯುತ್ತದೆ, ಅಲ್ಲಿಂದ ಕೈಗೆ ಬರುತ್ತದೆ.

ಸ್ಪ್ರಿಂಗನ್ನು ಎಲ್ಲಿ ಇಡುವುದೆಂಬುದೇ ಮೊದಲ ತಲೆಮಾರಿನ ಚಿಂತೆಯಾಗಿತ್ತು. 1893ರ ಬೋರ್ಕಾರ್ಟ್ ಪಿಸ್ತೂಲಿನಲ್ಲಿ ಅದು ಹಿಡಿಯ ಹಿಂದಿನ ಗೂಡಿನಲ್ಲಿ ಕುಳಿತಿತ್ತು. ಲೂಗರ್ ಪಿಸ್ತೂಲು ಪಟ್ಟಿ ಸ್ಪ್ರಿಂಗಿನೊಡನೆ ಬಂದು 1906ರಲ್ಲಿ ಸುರುಳಿಗೆ ಬದಲಾಯಿತು. ಜಾನ್ ಬ್ರೌನಿಂಗ್ 1900ರ ಮಾದರಿಯಲ್ಲಿ ಸ್ಪ್ರಿಂಗನ್ನು ನಳಿಗೆಯ ಮೇಲಿಟ್ಟರು, 1910ರ ಮಾದರಿಯಲ್ಲಿ ನಳಿಗೆಗೇ ಸುತ್ತಿದರು. ಅಮೆರಿಕದ ಸೈನ್ಯ 1911ರಲ್ಲಿ ಒಪ್ಪಿಕೊಂಡ ಅವರ ಕೋಲ್ಟ್ ಪಿಸ್ತೂಲಿನಲ್ಲಿ ಅದು ನಳಿಗೆಯ ಕೆಳಗಿತ್ತು. ಇಂದಿನ ಬಹುಪಾಲು ಪಿಸ್ತೂಲುಗಳಲ್ಲಿ ಅದರ ಜಾಗ ಅದೇ. ಭಾರತದ ಸೈನಿಕರು ಬಳಸುತ್ತ ಬಂದ ಇಷಾಪುರದ 9 ಎಂಎಂ 1ಎ ಪಿಸ್ತೂಲು ಕೂಡ ಇದೇ ಮನೆತನದ್ದು. ಅದರ ಮೂಲ 1935ರ ಬ್ರೌನಿಂಗ್ ಹೈ ಪವರ್.

ಸುರುಳಿಯ ಅಂತರ ಬದಲಾದಾಗ

ಸುರುಳಿಗಳ ನಡುವಿನ ಅಂತರ ಒಂದೇ ಸಮವಾಗಿದ್ದರೆ ಸ್ಪ್ರಿಂಗ್ ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮದಂತೆ ನಡೆಯುತ್ತದೆ: ಎರಡರಷ್ಟು ಅದುಮಿದರೆ ಎರಡರಷ್ಟು ಬಲ. ಬಿಗಿತ ತೀರ್ಮಾನವಾಗುವುದು ತಂತಿಯ ದಪ್ಪ, ಸುರುಳಿಯ ಅಗಲ, ಕೆಲಸ ಮಾಡುವ ಸುತ್ತುಗಳ ಸಂಖ್ಯೆಯಿಂದ. ತಂತಿಯ ದಪ್ಪ ಎರಡರಷ್ಟಾದರೆ ಬಿಗಿತ 16 ಪಟ್ಟು ಏರುತ್ತದೆ. ಸುತ್ತುಗಳು ಅರ್ಧವಾದರೆ ಎರಡು ಪಟ್ಟು.

ಅದುಮಿದಂತೆಲ್ಲ ಬಿಗಿತ ಏರುವ ಪ್ರೋಗ್ರೆಸಿವ್ ಸ್ಪ್ರಿಂಗಿನ ಗುಟ್ಟು ಈ ಸುತ್ತುಗಳ ಸಂಖ್ಯೆಯಲ್ಲಿದೆ. ಕೆಲವು ಸುತ್ತುಗಳನ್ನು ಒತ್ತೊತ್ತಾಗಿಯೂ ಉಳಿದವನ್ನು ಬಿಡಿಬಿಡಿಯಾಗಿಯೂ ಸುತ್ತಿರುತ್ತಾರೆ. ಅದುಮುತ್ತಾ ಹೋದಂತೆ ಒತ್ತಾದ ಸುತ್ತುಗಳು ಒಂದಕ್ಕೊಂದು ತಾಗಿ ಕೆಲಸ ನಿಲ್ಲಿಸುತ್ತವೆ. ದುಡಿಯುವ ಸುತ್ತುಗಳು ಕಡಿಮೆಯಾದಂತೆ ಸ್ಪ್ರಿಂಗ್ ಗಡುಸಾಗುತ್ತದೆ. ಕಬ್ಬಿನ ಲಾರಿಯಲ್ಲೂ ಇದೇ ತತ್ವವಿದೆ: ಖಾಲಿ ಇದ್ದಾಗ ಮುಖ್ಯ ಪಟ್ಟಿಗಳಷ್ಟೇ ಬಾಗುತ್ತವೆ, ಲೋಡು ಬಿದ್ದಾಗ ಮೇಲಿನ ಸಹಾಯಕ ಪಟ್ಟಿಗಳೂ ತಾಗಿ ಹೆಗಲು ಕೊಡುತ್ತವೆ.

ಅಮೆರಿಕದ ವುಲ್ಫ್ ಕಂಪನಿ ಇಂಥ ಸುರುಳಿಗಳನ್ನು 1911 ಮಾದರಿಗೆ ಮಾರತೊಡಗಿದ ಮೇಲೆ ಅವು ಸ್ಪರ್ಧಾ ಶೂಟರ್‌ಗಳ ಮಾತಿನಲ್ಲಿ ಬಂದವು. ಪುಟ್ಟ ಪಿಸ್ತೂಲುಗಳ ತಯಾರಕರು ಬೇರೆ ದಾರಿ ಹಿಡಿದರು. ಅವುಗಳಲ್ಲಿ ಸ್ಲೈಡ್ ಹಗುರ, ಅದು ಓಡುವ ಜಾಗವೂ ಕಡಿಮೆ. ಹಾಗಾಗಿ 1970ರ ದಶಕದ ಡೆಟಾನಿಕ್ಸ್, 1985ರ ಕೋಲ್ಟ್ ಆಫೀಸರ್ಸ್, 1995ರ ಗ್ಲಾಕ್ 26 ಒಂದರೊಳಗೊಂದು ಸ್ಪ್ರಿಂಗ್ ಇಟ್ಟುಕೊಂಡು ಬಂದವು. 1993ರ ಹೆಕ್ಲರ್ ಕೋಖ್ ಯುಎಸ್‌ಪಿ, ಕೊನೆಯ ಬಡಿತವನ್ನು ತಡೆಯಲು ಬೇರೆಯದೇ ಗಟ್ಟಿ ಬಫರ್ ಸ್ಪ್ರಿಂಗ್ ಇಟ್ಟಿತು. ಎರಡನೆಯ ಸ್ಪ್ರಿಂಗ್ ತಡವಾಗಿ ಕೆಲಸಕ್ಕೆ ಇಳಿಯುವಂತೆ ಜೋಡಿಸಿದರೆ ಫಲ ಒಂದೇ: ಮೊದಲು ಮೆತ್ತಗೆ, ಕೊನೆಗೆ ಗಡುಸು.

ಲಾಭ ನಷ್ಟದ ಲೆಕ್ಕ

ಪ್ರೋಗ್ರೆಸಿವ್ ಸ್ಪ್ರಿಂಗ್ ಹಾಕಿದರೆ ಒದೆತ ತಾನಾಗಿಯೇ ಮೃದುವಾಗುತ್ತದೆ ಎಂಬ ನಂಬಿಕೆ ಹರಡಿದೆ. ಇದನ್ನು ಹಾಗೇ ಒಪ್ಪುವಂತಿಲ್ಲ. ಸ್ಪ್ರಿಂಗಿನ ಪೊಟ್ಟಣದ ಮೇಲೆ ಅಚ್ಚಾಗುವುದು ಸ್ಲೈಡ್ ಪೂರ್ತಿ ಹಿಂದೆ ಸರಿದಾಗಿನ ಬಲ. ಪೂರ್ಣ ಅಳತೆಯ .45ರ 1911ಕ್ಕೆ ಅದು ಸಾಮಾನ್ಯವಾಗಿ 16 ಪೌಂಡ್, ಅಂದರೆ ಸುಮಾರು 7.3 ಕೆ.ಜಿ. ಸ್ಲೈಡಿನಿಂದ ಸ್ಪ್ರಿಂಗ್ ಕಸಿಯುವ ಶಕ್ತಿ ಈ ಒಂದು ಅಂಕಿಯಲ್ಲಿ ಇಲ್ಲ. ಅದು ಇರುವುದು ದಾರಿಯುದ್ದದ ಬಲಗಳ ಒಟ್ಟು ಮೊತ್ತದಲ್ಲಿ. ಎರಡು ಬಗೆಯ ಸ್ಪ್ರಿಂಗುಗಳಲ್ಲೂ ಮೊದಲ ಬಲ ಒಂದೇ, ಕೊನೆಯ ಬಲವೂ ಒಂದೇ ಆಗಿದ್ದರೆ, ನಡುವೆ ಮೆತ್ತಗಿರುವ ಪ್ರೋಗ್ರೆಸಿವ್ ಸ್ಪ್ರಿಂಗ್ ಸಾಮಾನ್ಯ ಸ್ಪ್ರಿಂಗಿಗಿಂತ ಕಡಿಮೆ ಶಕ್ತಿಯನ್ನೇ ಹಿಡಿದಿಡುತ್ತದೆ. ಆಗ ಫ್ರೇಮಿಗೆ ಬೀಳುವ ಪೆಟ್ಟು ಹೆಚ್ಚುತ್ತದೆ. ಮೊದಲ ಬಲವನ್ನು ಉಳಿಸಿಕೊಂಡು ಕೊನೆಯದನ್ನು ಸಾಕಷ್ಟು ಏರಿಸಿದಾಗ ಮಾತ್ರ ಪೆಟ್ಟು ತಗ್ಗುತ್ತದೆ.

ಹಾಗೆ ಏರಿಸುವುದಕ್ಕೂ ಬೆಲೆಯಿದೆ. ಸ್ಲೈಡ್ ಬಿರುಸಿನಿಂದ ಮರಳುತ್ತದೆ, ಪಿಸ್ತೂಲಿನ ಮೂತಿ ಕೆಳಕ್ಕೆ ಬಾಗುತ್ತದೆ, ಮ್ಯಾಗಜೀನಿನ ಸ್ಪ್ರಿಂಗ್ ನಿಧಾನವಾಗಿದ್ದರೆ ತೋಟಾ ಮೇಲೇರುವಷ್ಟರಲ್ಲಿ ಸ್ಲೈಡ್ ದಾಟಿಹೋಗುತ್ತದೆ. ಮುಚ್ಚಿಕೊಳ್ಳುವ ಕೊನೆಯ ಕೆಲವು ಮಿಲಿಮೀಟರಿನಲ್ಲಿ ಸ್ಪ್ರಿಂಗ್ ತನ್ನ ಮೆತ್ತನೆಯ ತುದಿಗೆ ಬಂದಿರುತ್ತದೆ. ನಳಿಗೆಯಲ್ಲಿ ಮಸಿ ಕಟ್ಟಿದ್ದರೆ ಬಾಗಿಲು ಪೂರ್ತಿ ಮುಚ್ಚದಿರುವುದೂ ಉಂಟು. ಆದರೆ ಸ್ಲೈಡನ್ನು ಕೈಯಿಂದ ಹಿಂದಕ್ಕೆಳೆಯಲು ಶುರುಮಾಡುವಾಗ ಈ ಮೆತ್ತನೆಯ ತುದಿಯೇ ನೆರವಾಗುತ್ತದೆ.

ಕರ್ನಾಟಕದ ಶೂಟರ್‌ಗಳಿಗೆ ಇದೆಲ್ಲ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದು ಸ್ಪರ್ಧೆಯ ಮೇಲೆ ನಿಂತಿದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 10 ಮೀಟರ್ ಏರ್ ಪಿಸ್ತೂಲಿನಲ್ಲಿ. ಅದರಲ್ಲಿ ಈ ಸ್ಪ್ರಿಂಗಿನ ಮಾತೇ ಇಲ್ಲ. 25 ಮೀಟರ್ ಸ್ಪರ್ಧೆಗಳ .22 ಪಿಸ್ತೂಲುಗಳಲ್ಲಿ ಒದೆತ ಚಿಕ್ಕದು, ಆದರೆ ಒಂದರ ಹಿಂದೊಂದು ಗುಂಡು ಹಾರಿಸುವಾಗ ಮೂತಿ ಪ್ರತಿಸಲವೂ ಒಂದೇ ರೀತಿ ಮರಳಬೇಕು. ಅಲ್ಲಿ ಗಡುಸಿಗಿಂತ ಏಕರೂಪತೆ ಮುಖ್ಯ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಆಯುಧ ದುರಸ್ತಿಯ ವೃತ್ತಿಗೂ ಪರವಾನಗಿ ಬೇಕು. ಸ್ಪ್ರಿಂಗ್ ಬದಲಿಸುವ ಆಲೋಚನೆ ಇರುವವರು ಅಂಥ ಪರಿಣತರ ಬಳಿಗೇ ಹೋಗಬೇಕು.

ಪ್ರೋಗ್ರೆಸಿವ್ ಸ್ಪ್ರಿಂಗ್ ಒಳ್ಳೆಯ ಉಪಾಯ, ಎಲ್ಲ ರೋಗಕ್ಕೂ ಮದ್ದಲ್ಲ. ಪೂರ್ಣ ಅಳತೆಯ ಪಿಸ್ತೂಲಿಗೆ ಸರಿಯಾಗಿ ಆರಿಸಿ, ಸೋತಾಗ ಬದಲಿಸಿದ ಸಾಮಾನ್ಯ ಸ್ಪ್ರಿಂಗ್ ಬಹುಮಟ್ಟಿಗೆ ಸಾಕು. ಜಾಗ ಸಾಲದ ಕಡೆ ಏರುಬಿಗಿತಕ್ಕೆ ನಿಜವಾದ ಅರ್ಥವಿದೆ. ಆದ್ದರಿಂದ ತಯಾರಕರು ಕೊನೆಯ ಬಲವೊಂದನ್ನೇ ಅಚ್ಚು ಹಾಕುವುದನ್ನು ಬಿಟ್ಟು, ಮೊದಲ ಬಲವನ್ನೂ ನಡುವಿನ ಏರಿಕೆಯ ರೇಖೆಯನ್ನೂ ಪೊಟ್ಟಣದ ಮೇಲೆ ಕೊಡಬೇಕು. ಕೊಳ್ಳುವವರೂ ಅದನ್ನು ಕೇಳಿ ಪಡೆಯಬೇಕು.