ಅಶೋಕನ ‘ಒಂಬತ್ತು ಅಜ್ಞಾತರು’ ಎಲ್ಲಿಂದ ಬಂದರು?

ಇತಿಹಾಸ, ಪುರಾಣ, ಮತೀಯ ಒಳಸಂಚು ಈ ಮೂರನ್ನೂ ಒಂದೇ ಪಾತ್ರೆಯಲ್ಲಿಟ್ಟು ಬೇಯಿಸಿದ ರೋಚಕ ಕಾದಂಬರಿಗಳು ಹಿಂದಿಯಲ್ಲಿ ಈಗ ಹೇರಳವಾಗಿ ದೊರೆಯುತ್ತವೆ. ನೇರವಾಗಿ ಹಿಂದಿಯಲ್ಲೇ ಬರೆದವು ಕೆಲವು, ಇಂಗ್ಲಿಷಿನಿಂದ ಅನುವಾದಗೊಂಡವು ಕೆಲವು. ಉತ್ತರದ ಕಡೆ ರೈಲಿನಲ್ಲಿ ಹೋಗುವಾಗಲೆಲ್ಲ ನಿಲ್ದಾಣದ ಪುಸ್ತಕದಂಗಡಿಯಿಂದ ಒಂದೆರಡನ್ನು ಕೊಂಡು ಓದುವ ಚಪಲ ನನಗೂ ಉಂಟು. ಈ ಬಗೆಯ ಕಥೆಗಳಲ್ಲಿ ಮತ್ತೆ ಮತ್ತೆ ತಲೆಹಾಕುವ ಪ್ರಸಂಗವೊಂದಿದೆ. ಕಳಿಂಗ ಯುದ್ಧದ ರಕ್ತಪಾತವನ್ನು ಕಂಡು ಮರುಗಿದ ಅಶೋಕ ಚಕ್ರವರ್ತಿಯು, ವಿನಾಶಕಾರಿ ವಿದ್ಯೆಗಳು ದುಷ್ಟರ ಕೈಸೇರಬಾರದೆಂದು ಒಂಬತ್ತು ಮಂದಿ ಜ್ಞಾನಿಗಳ ಗುಪ್ತ ಸಂಘವನ್ನು ಸ್ಥಾಪಿಸಿದನಂತೆ. ಒಬ್ಬೊಬ್ಬರ ವಶದಲ್ಲಿ ಒಂದೊಂದು ಗ್ರಂಥ. ಒಬ್ಬರಲ್ಲಿ ಜನಮನವನ್ನು ತಿರುಗಿಸುವ ವಿದ್ಯೆ, ಇನ್ನೊಬ್ಬರಲ್ಲಿ ಮುಟ್ಟಿದ ಮಾತ್ರಕ್ಕೆ ಕೊಲ್ಲುವ ವಿದ್ಯೆ, ಮತ್ತೊಬ್ಬರಲ್ಲಿ ಗುರುತ್ವಾಕರ್ಷಣೆಯನ್ನು ಗೆದ್ದು ವಿಮಾನ ಹಾರಿಸುವ ವಿದ್ಯೆ. ಒಬ್ಬರು ಸತ್ತರೆ ಅವರ ಸ್ಥಾನಕ್ಕೆ ಇನ್ನೊಬ್ಬರು ಬರುವುದರಿಂದ ಆ ಸಂಘ ಇಂದಿಗೂ ಜೀವಂತವಂತೆ!

ಕಾದಂಬರಿಯೆಂದು ಓದುವುದಾದರೆ ಇದಕ್ಕೆ ನನ್ನ ತಕರಾರೇನೂ ಇಲ್ಲ. ದೇವಕೀನಂದನ ಖತ್ರಿಯವರ ‘ಚಂದ್ರಕಾಂತಾ’ 1888ರಲ್ಲಿ ಬಂದಾಗ ಅದನ್ನು ಓದುವ ಸಲುವಾಗಿಯೇ ಅನೇಕರು ಹಿಂದಿ ಕಲಿತರೆಂಬ ಮಾತು ಇಂದಿಗೂ ಪ್ರಚಲಿತವಾಗಿದೆ. ಚುನಾರಿನ ಕೋಟೆ, ನೌಗಢದ ಕಾಡು ಇವೆಲ್ಲ ನಿಜವಾದ ಸ್ಥಳಗಳು. ಆ ಕಾಡುಗಳ ಗುತ್ತಿಗೆ ಹಿಡಿದಿದ್ದ ಖತ್ರಿಯವರು ಅವನ್ನು ಕಣ್ಣಾರೆ ಕಂಡವರು. ಅವುಗಳ ನಡುವೆ ಅವರು ಕಟ್ಟಿದ ಮಾಯಾಮಂದಿರಗಳು ಮಾತ್ರ ಕೇವಲ ಕಲ್ಪನೆ. ಅದನ್ನು ಯಾರೂ ಇತಿಹಾಸವೆಂದು ಭ್ರಮಿಸಲಿಲ್ಲ.

ನನ್ನನ್ನು ಬರೆಯಲು ಕೂರಿಸಿದ ಕಾರಣ ಬೇರೆಯೇ ಇದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ತಾನೂ ಉಪಾಧ್ಯಾಯನಾಗಿರುವವನು, ಈ ಒಂಬತ್ತು ಮಂದಿಯ ವೃತ್ತಾಂತವನ್ನು ಅಶೋಕನ ಪಾಠದೊಡನೆ ಮಕ್ಕಳಿಗೆ ಹೇಳಿದನಂತೆ. “ಎಲ್ಲಿ ಓದಿದೆಯಪ್ಪಾ?” ಎಂದು ಕೇಳಿದೆ. “ಎಲ್ಲ ಕಡೆಯೂ ಇದೆಯಲ್ಲ ಮೇಷ್ಟ್ರೇ” ಎಂದ. ಎಲ್ಲ ಕಡೆಯೂ ಇರುವುದು ಮೊದಲು ಎಲ್ಲಿತ್ತು ಎಂದು ಹುಡುಕುವುದೇ ಅಲ್ಲವೆ ಇತಿಹಾಸದ ಕೆಲಸ?

ಹಾಗೆ ಹುಡುಕುತ್ತ ಹೋದರೆ ಅಶೋಕನ ಯಾವ ಶಾಸನದಲ್ಲಿಯೂ ಈ ಒಂಬತ್ತು ಮಂದಿ ಸಿಗುವುದಿಲ್ಲ. ಸಿಂಹಳದ ‘ದೀಪವಂಸ’, ‘ಮಹಾವಂಸ’ಗಳಲ್ಲಿ ಇಲ್ಲ. ಎಂಬತ್ನಾಲ್ಕು ಸಾವಿರ ಸ್ತೂಪಗಳ ಕಥೆಯನ್ನೂ, ಅಶೋಕ ಕಟ್ಟಿಸಿದ ನರಕಸದೃಶ ಸೆರೆಮನೆಯ ಕಥೆಯನ್ನೂ ಹೇಳಲು ಹಿಂಜರಿಯದ ‘ಅಶೋಕಾವದಾನ’ದಲ್ಲಿಯೂ ಇಲ್ಲ. ಈ ಒಂಬತ್ತು ಮಂದಿಗೆ ಹೆಸರು ತಂದುಕೊಟ್ಟದ್ದು 1923ರಲ್ಲಿ, ಅಮೆರಿಕದ ‘ಅಡ್ವೆಂಚರ್’ ಎಂಬ ಅಗ್ಗದ ಕಥಾಪತ್ರಿಕೆ. ಟಾಲ್ಬಟ್ ಮಂಡಿ ಎಂಬ ಲೇಖಕ ಅದರಲ್ಲಿ ‘ದಿ ನೈನ್ ಅನ್‌ನೋನ್’ ಎಂಬ ಧಾರಾವಾಹಿ ಬರೆದ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಈತನ ನಿಜನಾಮ ವಿಲಿಯಂ ಲಂಕಾಸ್ಟರ್ ಗ್ರಿಬ್ಬನ್, ಹೆಸರೇ ಕಲ್ಪಿತ! ಅವನ ಕಥೆಯಲ್ಲಿ ಒಂಬತ್ತು ಜ್ಞಾನಿಗಳ ಸೋಗು ಹಾಕಿದ ಕಾಳೀಪೂಜಕ ಪಾತಕಿಗಳಿದ್ದಾರೆ, ಆ ಗ್ರಂಥಗಳನ್ನು ಪತ್ತೆಹಚ್ಚಿ ಸುಟ್ಟುಹಾಕಬೇಕೆಂದು ಹೊರಟ ಕ್ರೈಸ್ತ ಪಾದ್ರಿಯೊಬ್ಬನಿದ್ದಾನೆ. ಇಂದಿನ ಕಾದಂಬರಿಗಳ ಮತೀಯ ಒಳಸಂಚಿನ ಸಾಮಗ್ರಿಯೆಲ್ಲ ಅಲ್ಲಿಯೇ ಸಿದ್ಧವಾಗಿತ್ತು.

ಕಥೆಯು ಕಥೆಯಾಗಿಯೇ ಉಳಿದಿದ್ದರೆ ಬಾಧೆಯಿರಲಿಲ್ಲ. 1960ರಲ್ಲಿ ಲೂಯಿ ಪೋವೆಲ್ ಮತ್ತು ಜಾಕ್ ಬೆರ್ಜಿಯೇ ಎಂಬ ಇಬ್ಬರು ಫ್ರೆಂಚರು ‘ಮಾಂತ್ರಿಕರ ಮುಂಜಾವು’ ಎಂಬರ್ಥದ ಗ್ರಂಥವೊಂದನ್ನು ಪ್ರಕಟಿಸಿ, ಮಂಡಿಯ ಒಂಬತ್ತು ಮಂದಿಯನ್ನು ಐತಿಹಾಸಿಕ ಸಂಗತಿಯೋ ಎಂಬಂತೆ ನಿರೂಪಿಸಿದರು. ಹತ್ತನೆಯ ಶತಮಾನದ ಕೊನೆಗೆ ಪೀಠವೇರಿದ ಪೋಪ್ ಎರಡನೆಯ ಸಿಲ್ವೆಸ್ಟರನಿಗೂ ಈ ಸಂಘದ ನಂಟು ಕಲ್ಪಿಸಿದರು. ಆ ಪುಸ್ತಕ ಯೂರೋಪಿನಲ್ಲೆಲ್ಲ ಬಿಸಿದೋಸೆಯಂತೆ ಖರ್ಚಾಯಿತು. ಬಳಿಕ ಅಂತರ್ಜಾಲ ಬಂತು, ನಮ್ಮವರೇ ಬರೆದ ಕಾದಂಬರಿಗಳು ಬಂದವು. ಪರದೇಶದ ಕಥೆಗಾರನೊಬ್ಬ ನಮ್ಮ ಬಗೆಗೆ ಹೆಣೆದದ್ದು ಹೀಗೆ ನಮ್ಮ ‘ಪ್ರಾಚೀನ ಪರಂಪರೆ’ಯಾಗಿ ಮನೆಗೆ ಮರಳಿತು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರನ್ನು ಕಂಡಾಗ ನಗುವುದೋ ಅಳುವುದೋ ತಿಳಿಯದು.

ಈ ಕಟ್ಟುಕಥೆ ಅಶೋಕನ ಸ್ವಭಾವವನ್ನೇ ತಲೆಕೆಳಗು ಮಾಡುತ್ತದೆ ಎಂಬುದು ನನ್ನ ಮುಖ್ಯ ಆಕ್ಷೇಪ. ಆತ ಮುಚ್ಚಿಡುವ ಅರಸನಾಗಿರಲಿಲ್ಲ. ಜನ ಓಡಾಡುವ ಕಡೆ, ಜನರಾಡುವ ಪ್ರಾಕೃತದಲ್ಲಿ, ಬಂಡೆಗಳ ಮೇಲೆ ಕೊರೆಸಿದವನು. ಊಟ ಮಾಡುತ್ತಿರಲಿ, ಅಂತಃಪುರದಲ್ಲಿರಲಿ, ಪ್ರಜೆಗಳ ಕಾರ್ಯವನ್ನು ವರದಿಗಾರರು ಬಂದು ತನಗೆ ತಿಳಿಸಬಹುದೆಂದು ಆರನೆಯ ಬಂಡೆಶಾಸನದಲ್ಲಿ ಸಾರಿದವನು. ಕಳಿಂಗದ ಪ್ರತ್ಯೇಕ ಶಾಸನವನ್ನು ತಿಷ್ಯ ನಕ್ಷತ್ರದ ದಿನಗಳಲ್ಲಿ ಓದಿ ಹೇಳಬೇಕು, ಕೇಳುವವನು ಒಬ್ಬನೇ ಇದ್ದರೂ ಓದಬೇಕು ಎಂದು ವಿಧಿಸಿದವನು. ಇಂಥವನ ಹೆಸರಿನಲ್ಲಿ ಗುಪ್ತ ಸಂಘ!

ಇನ್ನು ರೋಚಕತೆಯೇ ಬೇಕೆಂದರೆ ಅದಕ್ಕೆ ನಮ್ಮ ನಾಡಿನಲ್ಲೇನು ಕೊರತೆಯಿಲ್ಲ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಬಿಡಿಸಿದಾಗ ದೊರೆತದ್ದು ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದು ಮಾತ್ರ. ಅದು ಅಶೋಕನೇ ಎಂದು ಸಿಂಹಳದ ಗ್ರಂಥಗಳ ಬಲದಿಂದ ಜಾರ್ಜ್ ಟರ್ನರ್ ಸೂಚಿಸಿದ. ಶಾಸನವೇ ಆ ಹೆಸರು ಹೇಳಿದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಕಂಡವನು ಚಿನ್ನದ ಗಣಿಯ ಇಂಜಿನಿಯರ್ ಬೀಡನ್. ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದ ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆ. ‘ಲಿಪಿಕಾರ’ ಎಂಬ ಮಾತನ್ನು ಮಾತ್ರ ಆತ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ವಾಯವ್ಯದ ಗಾಂಧಾರ ಸೀಮೆಯ ಲಿಪಿ. ಅಷ್ಟು ದೂರದ ಅಕ್ಷರ ಮೊಳಕಾಲ್ಮೂರಿನ ಬಂಡೆಗೆ ಬಂದ ಬಗೆಯನ್ನು ಊಹಿಸುತ್ತ ನಾನು ಎಷ್ಟೋ ಸಂಜೆ ಕಳೆದಿದ್ದೇನೆ.

ನಿಜವಾಗಿ ಮರೆಮಾಡಿದ ಸಂಗತಿಯೂ ಒಂದಿದೆ. ಕಳಿಂಗದಲ್ಲಿ ಒಂದೂವರೆ ಲಕ್ಷ ಜನ ಸೆರೆಹೋದರು, ಒಂದು ಲಕ್ಷ ಜನ ಹತರಾದರು ಎಂಬ ಪಶ್ಚಾತ್ತಾಪದ ಹದಿಮೂರನೆಯ ಶಾಸನ ಕಳಿಂಗದ ಧೌಲಿ, ಜೌಗಡಗಳಲ್ಲಿಯೇ ಇಲ್ಲ! ನೊಂದವರ ಎದುರಿಗೆ ಚಕ್ರವರ್ತಿಗೆ ಆ ಮಾತು ಬೇಡವಾಯಿತೆ? ಅಲ್ಲಿ ಅದರ ಬದಲಿಗೆ ಅಧಿಕಾರಿಗಳಿಗೆ ನ್ಯಾಯ, ದಯೆಗಳನ್ನು ಬೋಧಿಸುವ ಎರಡು ಪ್ರತ್ಯೇಕ ಶಾಸನಗಳಿವೆ.

ಆ ಎರಡು ಶಾಸನಗಳು ಕಳಿಂಗದವೆಂದೇ ಎಲ್ಲರೂ ತಿಳಿದಿದ್ದಾಗ, 1980ರ ದಶಕದಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಚಂದ್ರಲಾಂಬಾ ಗುಡಿಯ ಆವರಣದಲ್ಲಿ, ಕಾಳಿಯ ಗುಡಿಯ ಮಾಳಿಗೆ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲು ಹೊರಬಿದ್ದಾಗ ಅದರ ಎರಡೂ ಮಗ್ಗುಲಲ್ಲಿ ಬ್ರಾಹ್ಮಿ ಅಕ್ಷರಗಳಿದ್ದವು. ಹನ್ನೆರಡನೆಯ ಶಾಸನದ ಭಾಗವಿದೆ, ಹದಿನಾಲ್ಕನೆಯದಿದೆ, ನಡುವಿನ ಹದಿಮೂರು ಇಲ್ಲ. ಜೊತೆಗೆ ಕಳಿಂಗದ ಆ ಎರಡು ಪ್ರತ್ಯೇಕ ಶಾಸನಗಳು! ಅವು ಭೀಮಾತೀರಕ್ಕೆ ಏಕೆ ಬಂದವೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಇಲ್ಲಿಯೂ ಒಂದು ಯುದ್ಧ ನಡೆದಿತ್ತೆಂದು ಕೆಲವರು ತರ್ಕಿಸಿದರೆ, ಬರೆಯುವವರ ಕೈತಪ್ಪಿರಬಹುದೆಂದು ಇನ್ನು ಕೆಲವರು ಹೇಳುತ್ತಾರೆ. ಮೂರ್ತಿಯನ್ನು ನಿಲ್ಲಿಸಲೆಂದು ಯಾರೋ ಹಿಂದೆ ಆ ಕಲ್ಲಿನ ನಡುವೆ ಆಯಾಕಾರದ ತೂತು ಕೊರೆದಿದ್ದಾರೆ. ಅಲ್ಲಿದ್ದ ಅಕ್ಷರಗಳು ಹೋಗಿವೆ.