ಸೂಪರ್ ಬೌಲ್ ಅಂದ್ರೆ ಏನು? ಆ ಹೆಸರನ್ನ ಬೋರ್ಡ್ ಮೇಲೆ ಬರೆಯೋಕೆ ಅಮೆರಿಕದ ಅಂಗಡಿಯವರು ಯಾಕೆ ಹಿಂದೇಟು ಹಾಕ್ತಾರೆ?

ಈಗ ಪ್ರತಿ ವರ್ಷ ಫೆಬ್ರವರಿಯ ಎರಡನೇ ಭಾನುವಾರ ಸಂಜೆ ಅಮೆರಿಕದ ಮನೆಮನೆಯಲ್ಲೂ ಟಿವಿ ಮುಂದೆ ಜನ ಸೇರ್ತಾರೆ. ನಮ್ಮಲ್ಲಿ ಆಗ ಸೋಮವಾರ ಬೆಳಗಿನ ಜಾವ 5 ಗಂಟೆ, ಹಾಲಿನ ವ್ಯಾನ್ ಬರೋ ಹೊತ್ತು. ಅಲ್ಲಿ ನಡೆಯುವುದು ನ್ಯಾಷನಲ್ ಫುಟ್‌ಬಾಲ್ ಲೀಗ್ (ಎನ್‌ಎಫ್‌ಎಲ್) ಫೈನಲ್. ಅದರ ಹೆಸರೇ ಸೂಪರ್ ಬೌಲ್. ತೇರು ಎಳೆಯೋದು ಅರ್ಧ ಗಂಟೆ, ಜಾತ್ರೆ ವಾರಗಟ್ಟಲೆ ಅನ್ನೋ ಹಾಗೆ, ಇಲ್ಲೂ ಆಟಕ್ಕಿಂತ ಅದರ ಸುತ್ತಲಿನ ಸಂತೆಯೇ ದೊಡ್ಡದು.

ಆಟ ಹೇಗಿರುತ್ತೆ?

ಇದು ನಾವು ನೋಡುವ ಫುಟ್‌ಬಾಲ್ ಅಲ್ಲ. ಮೊಟ್ಟೆ ಆಕಾರದ ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡ್ತಾರೆ, ಇಲ್ಲವೇ ಎಸೀತಾರೆ. ಒಂದು ತಂಡದಲ್ಲಿ 11 ಜನ. ನಾಲ್ಕು ಪ್ರಯತ್ನದೊಳಗೆ 10 ಗಜ ಮುಂದೆ ಹೋಗಬೇಕು. ಆಗದಿದ್ದರೆ ಚೆಂಡು ಎದುರಾಳಿಗೆ. ಎದುರಾಳಿಯ ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಕಬಡ್ಡಿಯಂತೆ ಮೈಮೇಲೆ ಬಿದ್ದು ಹಿಡಿಯೋದೇ ಇದರ ಜೀವಾಳ. ಗಡಿಯಾರದ ಲೆಕ್ಕದಲ್ಲಿ ಆಟ 60 ನಿಮಿಷವಾದರೂ ಬಿಡುವು, ಜಾಹೀರಾತು ಎಲ್ಲ ಸೇರಿ ಮೂರೂವರೆ ಗಂಟೆ ದಾಟುತ್ತದೆ. ಗೆದ್ದವರಿಗೆ ಬೆಳ್ಳಿಯ ವಿನ್ಸ್ ಲೊಂಬಾರ್ಡಿ ಟ್ರೋಫಿ.

12 ಡಾಲರ್ ಟಿಕೆಟ್‌ನಿಂದ ಶುರು

ಮೊದಲ ಪಂದ್ಯ ನಡೆದದ್ದು 1967ರ ಜನವರಿ 15ರಂದು, ಲಾಸ್ ಏಂಜಲೀಸ್‌ನಲ್ಲಿ. ಗ್ರೀನ್ ಬೇ ಪ್ಯಾಕರ್ಸ್ ತಂಡ ಕಾನ್ಸಾಸ್ ಸಿಟಿ ಚೀಫ್ಸ್ ತಂಡವನ್ನು 35-10ರಿಂದ ಸೋಲಿಸಿತು. ಟಿಕೆಟ್ ದರ 12 ಡಾಲರ್ ಆಸುಪಾಸು ಇದ್ದರೂ ಕ್ರೀಡಾಂಗಣ ತುಂಬಲಿಲ್ಲ. ಈಗ ಟಿಕೆಟ್‌ಗೆ ಸಾವಿರಾರು ಡಾಲರ್. 2025ರ ಫೆಬ್ರವರಿ 9ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಫಿಲಡೆಲ್ಫಿಯಾ ಈಗಲ್ಸ್ 40-22ರಿಂದ ಇದೇ ಚೀಫ್ಸ್ ತಂಡವನ್ನು ಮಣಿಸಿದಾಗ ಅಮೆರಿಕದಲ್ಲಿ ಸರಾಸರಿ 12 ಕೋಟಿಗೂ ಹೆಚ್ಚು ಜನ ನೋಡಿದರು. ಆ ದಿನ 30 ಸೆಕೆಂಡಿನ ಜಾಹೀರಾತಿಗೆ 80 ಲಕ್ಷ ಡಾಲರ್‌ವರೆಗೆ ಬೆಲೆ ಇತ್ತು. ನಮ್ಮ ಲೆಕ್ಕದಲ್ಲಿ ಸುಮಾರು 70 ಕೋಟಿ ರೂಪಾಯಿ.

ನಡುವಿನ ಹಾಡು-ಕುಣಿತ

ಮೊದಲೆಲ್ಲ ವಿರಾಮದಲ್ಲಿ ಕಾಲೇಜು ಬ್ಯಾಂಡ್‌ಗಳು ಬರುತ್ತಿದ್ದವು. 1992ರಲ್ಲಿ ಫಾಕ್ಸ್ ಚಾನೆಲ್ ಅದೇ ಹೊತ್ತಿಗೆ ಹಾಸ್ಯ ಕಾರ್ಯಕ್ರಮ ಹಾಕಿತು. ಸುಮಾರು ಎರಡು ಕೋಟಿ ಜನ ಆ ಕಡೆ ಹೊರಳಿಕೊಂಡರು. ಪೆಟ್ಟು ತಿಂದ ಲೀಗ್ ಮರುವರ್ಷ ಮೈಕೆಲ್ ಜಾಕ್ಸನ್ ಅವರನ್ನು ಕರೆಸಿತು. ಅಲ್ಲಿಂದ ದೊಡ್ಡ ತಾರೆಯರದ್ದೇ ಕಾರುಬಾರು. ವಿಶೇಷ ಅಂದ್ರೆ ಈ ತಾರೆಯರಿಗೆ ದೊಡ್ಡ ಸಂಭಾವನೆ ಇರಲ್ಲ. ವೇದಿಕೆ, ಬೆಳಕು, ಏರ್ಪಾಟಿನ ಖರ್ಚು ಲೀಗ್ ಮತ್ತು ಪ್ರಾಯೋಜಕರದ್ದು. ಕಲಾವಿದರಿಗೆ ಸಿಗೋದು ಪ್ರಚಾರ.

ಹೆಸರು ಯಾರದ್ದು?

ಚಿಕನ್ ವಿಂಗ್ಸ್, ಪಿಜ್ಜಾ, ಬೆಣ್ಣೆಹಣ್ಣಿನ ಗ್ವಾಕಮೋಲೆ, ಬಿಯರ್. ಈ ಭಾನುವಾರ ಎಲ್ಲಕ್ಕೂ ಭರ್ಜರಿ ವ್ಯಾಪಾರ. ಆದರೆ ‘ಸೂಪರ್ ಬೌಲ್ ಆಫರ್’ ಅಂತ ಬೋರ್ಡ್ ಹಾಕೋದಕ್ಕೆ ಸಣ್ಣ ಅಂಗಡಿಯವರು ಹೆದರ್ತಾರೆ. ಕಾರಣ, ಆ ಹೆಸರು ಎನ್‌ಎಫ್‌ಎಲ್‌ನ ನೋಂದಾಯಿತ ಟ್ರೇಡ್‌ಮಾರ್ಕ್. ಸುದ್ದಿಯಲ್ಲಿ ಬರೆಯಬಹುದು, ಕಟ್ಟೆ ಮೇಲೆ ಕೂತು ಮಾತಾಡಬಹುದು. ಲೀಗ್ ಜೊತೆ ಸಂಬಂಧ ಇದೆ ಅನ್ನಿಸುವ ಹಾಗೆ ವ್ಯಾಪಾರಕ್ಕೆ ಬಳಸಿದರೆ ವಕೀಲರ ನೋಟಿಸ್ ಬರಬಹುದು. ಅದಕ್ಕೇ ಜಾಹೀರಾತುಗಳಲ್ಲಿ ‘ಬಿಗ್ ಗೇಮ್’ ಅನ್ನುವ ಅಡ್ಡಹೆಸರು. 2006ರಲ್ಲಿ ಲೀಗ್ ಆ ಪದವನ್ನೂ ನೋಂದಾಯಿಸೋಕೆ ಅರ್ಜಿ ಹಾಕಿತ್ತು. ವಿರೋಧ ಬಂದ ಮೇಲೆ ಮರುವರ್ಷ ಕೈಬಿಟ್ಟಿತು.

2007ರಲ್ಲಿ ಇಂಡಿಯಾನಾಪೊಲಿಸ್‌ನ ಒಂದು ಚರ್ಚ್ ದೊಡ್ಡ ಪರದೆಯಲ್ಲಿ ಪಂದ್ಯ ತೋರಿಸಲು ಹೊರಟಾಗಲೂ ಲೀಗ್ ತಡೆಯಿತು. ಹೆಸರು ಬಳಸಿದ್ದು, ಪ್ರವೇಶಕ್ಕೆ ಹಣ ಕೇಳಿದ್ದು, 55 ಇಂಚಿಗಿಂತ ದೊಡ್ಡ ಪರದೆ ಎಂಬುದು ಅದರ ತಕರಾರು. ಬಾರ್‌ಗಳಲ್ಲಿ ಮಾತ್ರ ದೊಡ್ಡ ಪರದೆಗೆ ಅಡ್ಡಿ ಇರಲಿಲ್ಲ! ಬಾರ್‌ಗೊಂದು, ಚರ್ಚ್‌ಗೊಂದು ನ್ಯಾಯವೇ ಅಂತ ಜನ ಕೇಳಿದರು. ಸಂಸತ್ತಿನ ಸದಸ್ಯರೂ ದನಿ ಎತ್ತಿದ ಮೇಲೆ 2008ರಲ್ಲಿ ಲೀಗ್ ಚರ್ಚ್‌ಗಳ ಮಟ್ಟಿಗೆ ನಿಯಮ ಸಡಿಲಿಸಿತು. ಪ್ರವೇಶ ಶುಲ್ಕ ಮಾತ್ರ ಇರಬಾರದು.

ಅಂಗಡಿಯವರಿಗೆ ಆ ಸಡಿಲಿಕೆ ಇಲ್ಲ. ಊರಿಗೆಲ್ಲ ಗೊತ್ತಿರುವ ಹಬ್ಬ, ಗಿರಾಕಿ ಬರೋದೂ ಅದಕ್ಕೇ. ಆದರೂ ಬೋರ್ಡ್ ಮೇಲೆ ಹೆಸರು ಬರೆಯುವಂತಿಲ್ಲ. ‘ದೊಡ್ಡ ಆಟ, ವಿಂಗ್ಸ್ ಮೇಲೆ ರಿಯಾಯಿತಿ’ ಅಂತ ಬರೆದು ಅವರು ವ್ಯಾಪಾರ ಮುಗಿಸ್ತಾರೆ.