ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ನು

ಹೋದ ತಿಂಗಳು ಒಂದು ಭಾನುವಾರ ನಮ್ಮನೆ ಕರಿಯನಿಗೆ ಸ್ನಾನ ಮಾಡಿಸುತ್ತಿದ್ದೆವು. ಕರಿಯ ಅಂದ್ರೆ ನಾಯಿ. ಅವನ ಕಿವಿಯಿಂದ ಉಣ್ಣೆ ಕೀಳಲು ಹೋದ ಮಗಳ ಬೆರಳಿಗೆ ಹಲ್ಲು ತಾಗಿ ಸ್ವಲ್ಪ ರಕ್ತ ಬಂತು. "ಏನಾಗಲ್ಲ, ಮನೆ ನಾಯಿ ತಾನೆ, ಒಂಚೂರು ಅರಿಶಿನ ಹಚ್ಚು" ಅಂದರು ಅತ್ತೆ. ನಾನೂ ಹಾಗೇ ಅಂದುಕೊಂಡು, ಯಾವುದಕ್ಕೂ ಇರಲಿ ಅಂತ ಕರಿಯನ ಲಸಿಕೆ ಕಾರ್ಡು ತೆಗೆದು ನೋಡಿದರೆ... ಗಡುವು ಮುಗಿದು ಐದು ತಿಂಗಳಾಗಿತ್ತು! ಶಾಂಪೂ, ಉಣ್ಣೆ ಪುಡಿ, ಜಂತುಹುಳದ ಔಷಧಿ ಎಲ್ಲ ತಪ್ಪದೆ ತರುವ ನನಗೆ ಅದೊಂದು ಮರೆತೇಹೋಗಿತ್ತು.

ಆಗ ನೆನಪಾದದ್ದು ದೊಡ್ಡಪ್ಪ. ನಾನು ಚಿಕ್ಕವನಿದ್ದಾಗ ಅವರಿಗೂ ಮನೆ ನಾಯಿಯೇ ಕಚ್ಚಿತ್ತು. ಅಜ್ಜಿ ಗಾಯಕ್ಕೆ ಸುಣ್ಣ ಹಚ್ಚಿದ್ದರು. ಐದನೇ ದಿನ ನಾಯಿ ಜೊಲ್ಲು ಸುರಿಸುತ್ತಾ ಸತ್ತಾಗ ಮನೆಯಲ್ಲಿ ಎಲ್ಲರ ಕೈಕಾಲು ತಣ್ಣಗಾಯಿತು. ಅಲ್ಲಿಂದ ದಿನಾ ಸೈಕಲ್ ತುಳಿದು ತಾಲೂಕು ಆಸ್ಪತ್ರೆಗೆ. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ನು!

ಈ ಹದಿನಾಲ್ಕರ ಹಿಂದೆ ದೊಡ್ಡ ಕಥೆಯೇ ಇದೆ. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಮುಂದೆ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನನ್ನು ಅವನಮ್ಮ ತಂದು ನಿಲ್ಲಿಸಿದಳು. ಎರಡು ದಿನದ ಹಿಂದೆ ಅವನನ್ನು ಹುಚ್ಚುನಾಯಿ ಕಚ್ಚಿತ್ತು. ಸೋಂಕಿತ ಮೊಲದ ಬೆನ್ನುಹುರಿಯನ್ನು ಒಣಗಿಸಿ ಮಾಡಿದ ಲಸಿಕೆಯನ್ನು ಪಾಶ್ಚರ್ ಹದಿಮೂರು ಸಲ ಕೊಡಿಸಿದರು, ಹುಡುಗ ಬದುಕಿದ. ಕಚ್ಚಿದ್ದು ಬೀದಿನಾಯಿಯಲ್ಲ, ಒಬ್ಬ ದಿನಸಿ ಅಂಗಡಿಯವನ ಸಾಕುನಾಯಿ. ತನ್ನ ಯಜಮಾನನಿಗೂ ಅದು ಬಾಯಿ ಹಾಕಿತ್ತು!

ಭಾರತದಲ್ಲಿ ಕಸೌಲಿಯ ಪಾಶ್ಚರ್ ಸಂಸ್ಥೆ ಶುರುವಾದದ್ದು 1900ರಲ್ಲಿ. ನಮ್ಮ ದಕ್ಷಿಣದವರು ಕಚ್ಚಿಸಿಕೊಂಡರೆ ಹಿಮಾಲಯದ ತಪ್ಪಲಿನವರೆಗೆ ರೈಲು ಹತ್ತಬೇಕಿತ್ತು. 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಇನ್ನೊಂದು ಸಂಸ್ಥೆ ತೆರೆದ ಮೇಲೆ ದಾರಿ ಹತ್ತಿರವಾಯಿತು. 1911ರಲ್ಲಿ ಕಸೌಲಿಯ ಡೇವಿಡ್ ಸೆಂಪಲ್ ಹೊಸ ಲಸಿಕೆ ಮಾಡಿದರು. ಸೋಂಕಿತ ಪ್ರಾಣಿಯ ಮಿದುಳನ್ನು ಅರೆದು, ಕಾರ್ಬಾಲಿಕ್ ಆಮ್ಲದಲ್ಲಿ ವೈರಸ್ಸನ್ನು ಕೊಂದು ತಯಾರಿಸಿದ್ದು. ಪ್ರತಿ ಸಲ ಹೆಚ್ಚು ಔಷಧಿ ತುಂಬಬೇಕು, ಅದಕ್ಕೇ ವಿಶಾಲವಾದ ಹೊಟ್ಟೆಯೇ ಗತಿ. ಮಿದುಳಿನ ಅಂಶವಿದ್ದದ್ದರಿಂದ ಕೆಲವರಿಗೆ ಪಾರ್ಶ್ವವಾಯು ಹೊಡೆದದ್ದೂ ಉಂಟು. ಅಗ್ಗವಾಗಿದ್ದರಿಂದ ಇದು ತುಂಬಾ ಕಾಲ ನಡೆದು, ನಮ್ಮ ದೇಶದಲ್ಲಿ ನಿಂತದ್ದು 2004ರ ಕೊನೆಗೆ. ಈಗಿನದು ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ, ತೋಳಿಗೆ ಕೆಲವೇ ಸಲ.

ಇಷ್ಟೆಲ್ಲ ಮನುಷ್ಯರಿಗೆ ಚುಚ್ಚಿದ ಕಥೆ. ನಾಯಿಗೆ ಚುಚ್ಚಿದ ಕಥೆ ಕೇಳಬೇಕಾದರೆ ಜಪಾನಿಗೆ ಹೋಗಬೇಕು. ಅಲ್ಲಿ 1950ರಲ್ಲಿ ಕಾನೂನು ತಂದು ನಾಯಿ ಸಾಕುವವರೆಲ್ಲ ಅದನ್ನು ನೋಂದಾಯಿಸಿ ಲಸಿಕೆ ಹಾಕಿಸಬೇಕೆಂದರು. ಬೀದಿನಾಯಿಗಳನ್ನೂ ಹಿಡಿದರು. 1957ರ ಹೊತ್ತಿಗೆ ರೇಬೀಸ್ ಅಲ್ಲಿಂದ ಕಾಲ್ತೆಗೆಯಿತು. ಏಳೇ ವರ್ಷ!

ನಮ್ಮ ದೊಡ್ಡಪ್ಪನಿಗೆ ಏನೂ ಆಗಲಿಲ್ಲ. ಆದರೆ ಅಜ್ಜಿ ಮತ್ತೆಂದೂ ನಾಯಿ ಸಾಕಲು ಬಿಡಲಿಲ್ಲ. "ಉಂಡ ಮನೆಗೇ ಎರಡು ಬಗೀತು" ಅಂತ ಸಾಯುವವರೆಗೂ ಆ ನಾಯಿಯನ್ನು ಬೈದರು. ಪಾಪ, ಅದರ ತಪ್ಪೇನಿತ್ತು? ದಿನಾ ಅನ್ನ ಹಾಕಿದ ನಾವ್ಯಾರೂ ಅದನ್ನು ಒಂದು ದಿನ ದನದ ಆಸ್ಪತ್ರೆಗೆ ಕರೆದೊಯ್ದಿರಲಿಲ್ಲ.

ಅರಿಶಿನದ ಡಬ್ಬಿ ಪಕ್ಕಕ್ಕಿಟ್ಟು ಮಗಳ ಬೆರಳನ್ನು ನಲ್ಲಿ ಕೆಳಗೆ ಹಿಡಿದು ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದೆ. ರೇಬೀಸ್ ವೈರಸ್ಸಿನ ಹೊದಿಕೆಯಲ್ಲಿ ಕೊಬ್ಬಿದೆ, ಸೋಪು ಅದನ್ನು ಒಡೆಯುತ್ತದೆ. ಹಾಗಂತ ತೊಳೆದು ಸುಮ್ಮನಿರುವಂತಿಲ್ಲ. ರೋಗ ಕಾಣಿಸಿಕೊಂಡ ಮೇಲೆ ಬದುಕಿದವರು ಇಲ್ಲವೆನ್ನುವಷ್ಟು ಕಡಿಮೆ. ರಕ್ತ ಬಂದಿದ್ದರಿಂದ ಡಾಕ್ಟರು ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟು, ಅವತ್ತೇ ಲಸಿಕೆಯನ್ನೂ ಶುರುಮಾಡಿದರು.

ಕರಿಯ ಆರಾಮಾಗಿದ್ದಾನೆ, ಅವನಿಗೂ ಲಸಿಕೆ ಆಯಿತು. ಮಗಳ ಕೊನೆಯ ಇಂಜೆಕ್ಷನ್ ದಿನ "ನಾಯಿಗೆ ಒಂದು ಹಾಕಿಸಿದ್ರೆ ನಂಗೆ ಇಷ್ಟೊಂದು ಬೇಕಿತ್ತಾ ಅಪ್ಪ?" ಅಂದಳು. ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಕರಿಯನ ಮುಂದಿನ ತಾರೀಖನ್ನು ಕೆಂಪು ಪೆನ್ನಿನಲ್ಲಿ ಗೋಡೆಯ ಮೇಲೆ ಬರೆದಿಟ್ಟಿದ್ದೇನೆ. ನಿಮ್ಮನೆಯಲ್ಲೂ ನಾಯಿಯಿದ್ದರೆ ಇವತ್ತೇ ಕಾರ್ಡು ತೆಗೆದು ನೋಡಿ, ಆಯ್ತಾ?